1943ರ ಫುಟ್‌ಬಾಲ್ ಸೀಸನ್, ಡಬ್ಬಿಯಲ್ಲಿ: ಆಟ ಚೆನ್ನಾಗಿದೆ, ಕಾಗದ ತೆಳು, ಒಂದು ವಿಷಯ ಮುಚ್ಚಿಟ್ಟಿದ್ದಾರೆ

ಇದು ಮೊಬೈಲ್ ಗೇಮ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ರಟ್ಟಿನ ಡಬ್ಬಿಯಲ್ಲಿ ಬರುವ ಕಾರ್ಡು ಮತ್ತು ದಾಳದ ಆಟ. ಅಮೆರಿಕದವರ ಫುಟ್‌ಬಾಲ್ ಲೀಗ್ ಇದೆಯಲ್ಲ, ಎನ್‌ಎಫ್‌ಎಲ್, ಅದು ಎರಡನೇ ಮಹಾಯುದ್ಧದ ನಡುವೆ 1943ರಲ್ಲಿ ಆಡಿದ ಇಡೀ ಸೀಸನ್ನನ್ನು ಮನೆಯ ಚಾಪೆ ಮೇಲೆ ಕೂತು ಆಡಬಹುದು. ಅಲ್ಲಿನ ಒಬ್ಬ ಸಣ್ಣ ತಯಾರಕ ಮಾಡಿ ಮಾರುತ್ತಾನೆ. ನಮ್ಮ ದೊಡ್ಡಪ್ಪನ ಮಗ ಶಿಕಾಗೋದಲ್ಲಿದ್ದಾನೆ, ರಜೆಗೆ ಕಲಬುರಗಿಗೆ ಬರುವಾಗ ತಂದ. ನಮ್ಮ ದುಡ್ಡಿನಲ್ಲಿ ನಾಲ್ಕು ಸಾವಿರದ ಆಸುಪಾಸು ಬಿತ್ತಂತೆ. ಇಲ್ಲಿ ಸೂಪರ್ ಮಾರ್ಕೆಟ್ ಕಡೆಯೆಲ್ಲ ಸುತ್ತಿ ಚಪ್ಪಲಿ ಸವೆಸಬೇಡಿ, ಸಿಗುವುದಿಲ್ಲ.

ಡಬ್ಬಿ ಬಿಚ್ಚಿದರೆ ಎಂಟು ತಂಡಗಳ ಕಾರ್ಡು ಕಟ್ಟು, ಮೂರು ದಾಳ, ಮೈದಾನದ ಮಡಚುವ ಹಾಳೆ, ಅಂಕ ಬರೆಯುವ ಪುಸ್ತಕ, ಒಂದು ರೂಲ್ ಬುಕ್. ದಾಳ ಗಟ್ಟಿಮುಟ್ಟು. ಕಾರ್ಡಿನ ಕಾಗದ ಮಾತ್ರ ಈ ಬೆಲೆಗೆ ಬಹಳ ತೆಳು. ನಮ್ಮೂರಿನ ಮೇ ತಿಂಗಳ ಬಿಸಿಲಲ್ಲಿ ಬೆವರಿದ ಕೈಯಲ್ಲಿ ಹಿಡಿದರೆ ಒಂದೇ ಮ್ಯಾಚಿಗೆ ಮೂಲೆ ಸುರುಳಿಯಾಗುತ್ತದೆ. ಫ್ಯಾನ್ ಹಾಕಿದರೆ ಕಾರ್ಡು ಹಾರುತ್ತವೆ, ಹಾಕದಿದ್ದರೆ ನಾವು ಬೇಯುತ್ತೇವೆ. ಕೊನೆಗೆ ಜಗತ್ ಸರ್ಕಲ್ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿದೆ. ಅಂಗಡಿಯವರು ಒಂದೊಂದೇ ಕಾರ್ಡು ತಿರುಗಿಸಿ ನೋಡಿ "ಇವ್ರೆಲ್ಲ ಯಾರ್ರಿ, ಪೈಲ್ವಾನರೇನು?" ಅಂದರು. ಒಬ್ಬ ನಿಜವಾಗಿಯೂ ಪೈಲ್ವಾನ, ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಒಂದು ಕಡೆ ಹನ್ನೊಂದು ಜನ. ಚೆಂಡು ಕೈಗೆ ಬಂದರೆ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಹಿಡಿದುಕೊಂಡು ಓಡಬಹುದು, ಎಸೆಯಬಹುದು. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. "ಇದ್ರಾಗ ಫುಟ್ ಎಲ್ಲದ ಮಾಮಾ, ಎಲ್ಲಾ ಕೈಯಾಗೇ ನಡದದಲ್ಲ" ಅಂತ ಅಕ್ಕನ ಮಗ ಕೇಳಿದ. ಒದೆಯುವುದೂ ಇದೆ, ಆದರೆ ಅವನು ಕೇಳಿದ್ದು ನ್ಯಾಯವೇ. ಇಷ್ಟು ಸುಲಭದ ವಿಷಯವನ್ನೂ ರೂಲ್ ಬುಕ್ ವಿವರಿಸುವುದಿಲ್ಲ. ಎಲ್ಲರಿಗೂ ಗೊತ್ತಿದೆ ಅಂತಲೇ ಶುರು ಮಾಡುತ್ತದೆ. ಅಕ್ಷರ ಬೇರೆ ಎಷ್ಟು ಸಣ್ಣದು ಅಂದರೆ ನಮ್ಮ ಕಾಕಾ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದರು.

ಆದರೂ ಆಟ ಹಿಡಿಸುತ್ತದೆ, ಯಾಕೆ ಅಂದರೆ ಇದು ಕೊರತೆಯ ಆಟ. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಒಳ್ಳೊಳ್ಳೆ ಆಟಗಾರರನ್ನು ಆರಿಸಿ ಮೆರೆಯುತ್ತೀರಿ. ಇಲ್ಲಿ ಹಾಗಿಲ್ಲ. ಪ್ರತಿ ವಾರದ ಮ್ಯಾಚಿಗೆ ಮುಂಚೆ "ಕರೆ"ಯ ಕಾರ್ಡು ಎತ್ತಬೇಕು. ಸೇನೆಯಿಂದ ಕರೆ ಬಂದರೆ ನಿಮ್ಮವನೊಬ್ಬ ಡಬ್ಬಿಯೊಳಗೆ ವಾಪಸ್, ಸೀಸನ್ ಮುಗಿಯುವವರೆಗೂ ಹೊರಗೆ ತೆಗೆಯುವಂತಿಲ್ಲ. ನಿಜವಾಗಿಯೂ ಆಗಿದ್ದು ಅದೇ. ಆಟಗಾರರು ಸಾಲದೆ ಒಂದು ತಂಡದಲ್ಲಿ 33 ಜನ ಇರಬಹುದಾಗಿದ್ದನ್ನು 28ಕ್ಕೆ ಇಳಿಸಿದರು. ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್ ತಂಡದ ಮಾಲೀಕರೇ ಸೇನೆಯಲ್ಲಿದ್ದರು, ಹಾಗಾಗಿ ಆ ತಂಡ 1943ರಲ್ಲಿ ಆಡಲೇ ಇಲ್ಲ. ಶಿಕಾಗೋ ಬೇರ್ಸ್‌ನ ಮಾಲೀಕ ಮತ್ತು ಕೋಚ್ ಜಾರ್ಜ್ ಹಾಲಸ್ ನೌಕಾಪಡೆ ಸೇರಿದ್ದ, ತಂಡವನ್ನು ಬೇರೆ ಇಬ್ಬರು ನೋಡಿಕೊಂಡರು. ಅದೇ ವರ್ಷ ಹೆಲ್ಮೆಟ್ ಕಡ್ಡಾಯವಾಯಿತು. ಇನ್ನೊಂದು ನಿಯಮ ಬದಲಾಯಿತು, ದೊಡ್ಡದು: ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಅದಕ್ಕೂ ಮುಂಚೆ ಹೊರಗೆ ಹೋದವನು ಮತ್ತೆ ಒಳಗೆ ಬರಲು ನಿರ್ಬಂಧಗಳಿದ್ದವು. ಇವತ್ತು ಟಿವಿಯಲ್ಲಿ ನೋಡಿದರೆ ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು ಬರುತ್ತದಲ್ಲ, ಅದರ ಬೇರು ಈ ಬರಗಾಲದಲ್ಲಿದೆ. 1950ರಲ್ಲಿ ಅದು ಕಾಯಂ ಆಯಿತು.

ಡಬ್ಬಿಯ ನಿಜವಾದ ರುಚಿ ಇರುವುದು ಸ್ಟೀಗಲ್ಸ್ ಕಟ್ಟಿನಲ್ಲಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮತ್ತು ಫಿಲಡೆಲ್ಫಿಯಾ ಈಗಲ್ಸ್, ಎರಡಕ್ಕೂ ತಂಡ ಕಟ್ಟುವಷ್ಟು ಜನ ಇರಲಿಲ್ಲ. ಹಾಗಾಗಿ ಆ ಒಂದು ಸೀಸನ್ನಿಗೆ ಸೇರಿ ಆಡಿದರು. ಕೋಚ್‌ಗಳು ಮಾತ್ರ ಇಬ್ಬರೂ ಉಳಿದರು! ಈಗಲ್ಸ್‌ನ ಗ್ರೀಸಿ ನೀಲ್, ಸ್ಟೀಲರ್ಸ್‌ನ ವಾಲ್ಟ್ ಕೀಸ್ಲಿಂಗ್. ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ದಾಳಿಯನ್ನು ನೀಲ್ ನೋಡಿಕೊಂಡ, ರಕ್ಷಣೆಯನ್ನು ಕೀಸ್ಲಿಂಗ್. ಆಟದಲ್ಲಿ ಇದನ್ನು ಹಾಗೇ ಇಟ್ಟಿದ್ದಾರೆ, ಸ್ಟೀಗಲ್ಸ್ ತೆಗೆದುಕೊಂಡರೆ ಇಬ್ಬರು ಸೇರಿಯೇ ಆಡಬೇಕು, ಒಬ್ಬರ ಕಾರ್ಡನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಭಾವ ದಾಳಿ ತೆಗೆದುಕೊಂಡರು, ಕಾಕಾ ರಕ್ಷಣೆ. ಮುಂದೆ ಆಗಿದ್ದನ್ನು ಹೇಳಬೇಕಾಗಿಲ್ಲ. ಭಾವ ಚೆಂಡು ಕೈಬಿಟ್ಟಾಗಲೆಲ್ಲ ಕಾಕಾ "ನೀವು ಬಿಟ್ರಿ, ನಾ ಹಿಡೀಬೇಕೇನ್ರಿ?" ಅನ್ನುತ್ತಿದ್ದರು. ಅಕ್ಕ ಸುಸಲಾ-ಮಿರ್ಚಿ ತಂದಿಟ್ಟರೂ ಇಬ್ಬರೂ ಕಣ್ಣೆತ್ತಿ ನೋಡಲಿಲ್ಲ. ಅಸಲಿ ಸ್ಟೀಗಲ್ಸ್ ಕೂಡ ನ್ಯೂಯಾರ್ಕ್ ಜೈಂಟ್ಸ್ ಜೊತೆಗಿನ ಮ್ಯಾಚಿನಲ್ಲಿ ಹತ್ತು ಸಲ ಚೆಂಡು ಕೈಬಿಟ್ಟಿತ್ತು, ಹಾಗಿದ್ದೂ 28–14ಕ್ಕೆ ಗೆದ್ದಿತ್ತು. ಇದನ್ನು ಓದಿ ಹೇಳಿದ ಮೇಲೆ ಭಾವನ ಮುಖ ಸ್ವಲ್ಪ ಅರಳಿತು.

ಈ ಕಟ್ಟಿನ ಕಾರ್ಡುಗಳನ್ನು ಹತ್ತಿರದಿಂದ ನೋಡಬೇಕು. ಹೆಸರಿನ ಕೆಳಗೆ, ಎತ್ತರ-ತೂಕದ ಪಕ್ಕ, ಒಂದು ಸಣ್ಣ ಗುರುತು ಇದೆ. ಸೇನೆ ಇವನನ್ನು ಯಾಕೆ ತೆಗೆದುಕೊಳ್ಳಲಿಲ್ಲ ಅಂತ. ಹೊಟ್ಟೆಯ ಹುಣ್ಣು, ಕಿವಿ, ಮೊಣಕಾಲು. ಟೋನಿ ಬೋವಾ ಅನ್ನುವವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದೂ ಅಷ್ಟಕ್ಕಷ್ಟೇ. ಅವನೇ ಆ ತಂಡದಲ್ಲಿ ಎಸೆದ ಚೆಂಡನ್ನು ಹಿಡಿಯುವುದರಲ್ಲಿ ಮುಂದು! ಜ್ಯಾಕ್ ಹಿಂಕಲ್‌ಗೆ ಹುಣ್ಣಿನ ಬಾಧೆ. ಅವನು ಆ ಸೀಸನ್ನಿನಲ್ಲಿ ಓಡಿದ್ದು 571 ಗಜ, ಲೀಗ್‌ನಲ್ಲಿ ಮೊದಲು ಬಂದ ಬಿಲ್ ಪಾಸ್ಕಲ್ 572. ಒಂದೇ ಗಜಕ್ಕೆ ಹೋಯಿತು. ಅಕ್ಕನ ಮಗ ಈಗ ಪ್ರತಿ ಸಲ ಹಿಂಕಲ್‌ನಿಂದ ಆ ಒಂದು ಗಜ ಓಡಿಸಿಯೇ ತೀರುತ್ತೇನೆ ಅಂತ ಹಟ ಹಿಡಿದಿದ್ದಾನೆ.

ಇವರೆಲ್ಲ ದಿನವಿಡೀ ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ದುಡಿಯಬೇಕಿತ್ತು. ವಾರಕ್ಕೆ 40 ಗಂಟೆ ಕೆಲಸ, ಅದಾದ ಮೇಲೆ ಸಂಜೆ ಪ್ರಾಕ್ಟೀಸ್, ವಾರದ ಕೊನೆಗೆ ಮ್ಯಾಚು. ಆಟದಲ್ಲಿ ಇದಕ್ಕೊಂದು ಪಾಳಿಯ ದಾಳ ಇದೆ, ಒಂದು ಬಿದ್ದರೆ ನಿಮ್ಮ ಆಟಗಾರ ಪಾಳಿಯಲ್ಲಿ ಸಿಕ್ಕಿಹಾಕಿಕೊಂಡ ಅಂತ ಅರ್ಥ. ಕಾಕಾ ಎಂಎಸ್‌ಕೆ ಮಿಲ್‌ನಲ್ಲಿ ಕೆಲಸ ಮಾಡಿದವರು. ರೂಲ್ ಬುಕ್ಕಿನಲ್ಲಿ ಅವರಿಗೆ ವಿವರಣೆ ಬೇಡದೇ ಅರ್ಥವಾದದ್ದು ಇದೊಂದೇ. "ಪಾಳಿ ಮುಗಿಸಿ ಮೈದಾನಕ್ಕ ಹೋದ್ರ ಕಾಲು ಏಳ್ತಾವೇನೋ ತಮ್ಮಾ? ಒಂದಲ್ಲ, ಮೂರು ಬಿದ್ರೂ ಅವ್ನು ಬರಬಾರ್ದು" ಅಂತ ನಿಯಮವನ್ನೇ ಬಿಗಿ ಮಾಡಿಸಿದರು. ನಾವೀಗ ಹಾಗೇ ಆಡುತ್ತಿದ್ದೇವೆ. ಆಟ ಇನ್ನೂ ಚೆನ್ನಾಗಿದೆ, ತಯಾರಕ ಕೇಳಿಸಿಕೊಳ್ಳಲಿ.

ಸ್ಟೀಗಲ್ಸ್ ಆ ವರ್ಷ ಐದು ಗೆದ್ದು, ನಾಲ್ಕು ಸೋತು, ಒಂದು ಸಮ ಮಾಡಿಕೊಂಡಿತು. ಅಷ್ಟು ಜನರನ್ನು ಇಟ್ಟುಕೊಂಡು ಅದು ಕಡಿಮೆ ಏನಲ್ಲ.

ಉಳಿದ ಕಟ್ಟುಗಳ ಬಗ್ಗೆ ಬೇಗ ಹೇಳುತ್ತೇನೆ. ಬ್ರೂಕ್ಲಿನ್ ಕಟ್ಟು ತೆಗೆದುಕೊಂಡರೆ ಸೋಲುವುದಕ್ಕೆ ತಯಾರಾಗಿ. ಡೆಟ್ರಾಯಿಟ್ ಪರವಾಗಿಲ್ಲ. ಅದು ಜೈಂಟ್ಸ್ ಜೊತೆ ಕೆಸರಿನಲ್ಲಿ 0–0 ಆಡಿದ್ದು ಇದೇ ಸೀಸನ್ನಿನಲ್ಲಿ, ಎನ್‌ಎಫ್‌ಎಲ್‌ನಲ್ಲಿ ಅದಾದ ಮೇಲೆ ಸೊನ್ನೆ-ಸೊನ್ನೆ ಮ್ಯಾಚು ಆಗಿಲ್ಲ. ವಾಷಿಂಗ್ಟನ್ ಕಟ್ಟಿನಲ್ಲಿ ಸ್ಯಾಮಿ ಬಾ ಇದ್ದಾನೆ. ಎಸೆಯುವುದರಲ್ಲೂ ಅವನೇ ಮೊದಲು, ದೂರ ಒದೆಯುವುದರಲ್ಲೂ ಅವನೇ, ಎದುರಾಳಿ ಎಸೆದದ್ದನ್ನು ಕಸಿಯುವುದರಲ್ಲೂ ಅವನೇ. ಅವನ ಒಂದೇ ಕಾರ್ಡಿಗೆ ಮೂರು ಕೋಷ್ಟಕ ಬೇಕಾಗಿದೆ. 1943ರ ನವೆಂಬರ್ 14ರಂದು ಅವನು ಡೆಟ್ರಾಯಿಟ್ ಮೇಲೆ ನಾಲ್ಕು ಟಚ್‌ಡೌನ್ ಎಸೆದು, ನಾಲ್ಕು ಸಲ ಅವರ ಚೆಂಡನ್ನೂ ಕಸಿದ. ಅದೇ ದಿನ ನ್ಯೂಯಾರ್ಕ್‌ನಲ್ಲಿ ಬೇರ್ಸ್‌ನ ಸಿಡ್ ಲಕ್‌ಮನ್ ಏಳು ಟಚ್‌ಡೌನ್ ಎಸೆದ, ಮ್ಯಾಚು 56–7. ಒಂದೇ ಭಾನುವಾರ ಎರಡೂ!

ಬೇರ್ಸ್ ಕಟ್ಟಿನಲ್ಲೇ ನಾನು ಹೇಳಿದ ಪೈಲ್ವಾನ ಇರುವುದು. ಬ್ರಾಂಕೊ ನಗರ್ಸ್ಕಿ. 1937ರಲ್ಲೇ ಆಟ ಬಿಟ್ಟು ಕುಸ್ತಿ ಹಿಡಿದಿದ್ದವನನ್ನು ಜನ ಸಾಲದು ಅಂತ ವಾಪಸ್ ಕರೆದರು, ವಯಸ್ಸಾಗಿದೆ ಅಂತ ಮುಂಚೂಣಿಯ ಸಾಲಿನಲ್ಲಿ ನಿಲ್ಲಿಸಿದರು. ಆಟದಲ್ಲೂ ಅವನಿಗೆ ಕೊನೆಯ ಮ್ಯಾಚಿನವರೆಗೂ ಚೆಂಡು ಕೊಡುವಂತಿಲ್ಲ. ಕೊನೆಗೆ ಕೊಟ್ಟಾಗ ಅವನು ಏನು ಮಾಡುತ್ತಾನೆ ಅನ್ನುವುದು ಈ ಡಬ್ಬಿಯ ಅತ್ಯಂತ ಖುಷಿಯ ಗಳಿಗೆ. ಡಿಸೆಂಬರ್ 26ರ ಫೈನಲ್‌ನಲ್ಲಿ ಬೇರ್ಸ್ 41–21ಕ್ಕೆ ವಾಷಿಂಗ್ಟನ್ನನ್ನು ಸೋಲಿಸಿತು, ಅದರಲ್ಲಿ ಒಂದು ಟಚ್‌ಡೌನ್ ಇವನದು.

ಈಗ ನನ್ನ ತಕರಾರು. ರೂಲ್ ಬುಕ್ಕಿನಲ್ಲಿ ನಾಲ್ಕು ಪುಟ ಇತಿಹಾಸ ಇದೆ, ಪುಟಪುಟಕ್ಕೂ "ಆಟಗಾರರೇ ಸಿಗಲಿಲ್ಲ, ಆದರೂ ಲೀಗ್ ನಿಲ್ಲಲಿಲ್ಲ" ಅನ್ನುವ ರಾಗ. ಸಿಗಲಿಲ್ಲ ಸರಿ. ಆದರೆ 1934ರಿಂದ 1945ರವರೆಗೆ ಈ ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಒಂಟಿಕಣ್ಣಿನವನನ್ನು ಕರೆದರು, ಪೈಲ್ವಾನನನ್ನು ಅಖಾಡದಿಂದ ಕರೆದರು, ಎರಡು ತಂಡ ಸೇರಿಸಿ ಒಂದು ಮಾಡಿದರು. ಕೆನ್ನಿ ವಾಷಿಂಗ್ಟನ್‌ನನ್ನು ಕರೆಯಲಿಲ್ಲ. ಕಾಲೇಜು ಆಟದಲ್ಲಿ 1939ರಲ್ಲೇ ಹೆಸರು ಮಾಡಿದ್ದವನು, ಯುದ್ಧದ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಸಣ್ಣ ಲೀಗ್‌ನಲ್ಲಿ ಆಡುತ್ತಿದ್ದ. ರ‍್ಯಾಮ್ಸ್ ತಂಡ 1946ರಲ್ಲಿ ಲಾಸ್ ಏಂಜಲಿಸ್‌ಗೆ ಬಂದಾಗ, ಅಲ್ಲಿನ ಸಾರ್ವಜನಿಕ ಕ್ರೀಡಾಂಗಣ ಬೇಕಿದ್ದರೆ ಕಪ್ಪು ಆಟಗಾರರಿಗೂ ಅವಕಾಶ ಕೊಡಿ ಅಂತ ಒತ್ತಾಯ ಬಂತು, ಆಗ ಅವನನ್ನೂ ವುಡಿ ಸ್ಟ್ರೋಡ್‌ನನ್ನೂ ಸೇರಿಸಿಕೊಂಡರು. ಅಷ್ಟೊತ್ತಿಗೆ ವಾಷಿಂಗ್ಟನ್‌ನ ಮೊಣಕಾಲು ಹಾಳಾಗಿತ್ತು. ಇದರ ಬಗ್ಗೆ ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ. ಕೊರತೆಯನ್ನೇ ಬಂಡವಾಳ ಮಾಡಿಕೊಂಡ ಆಟ ಅಲ್ವಾ ಇದು? ಅರ್ಧ ಕೊರತೆ ತಾವೇ ಮಾಡಿಕೊಂಡದ್ದು ಅಂತ ಹೇಳಬೇಕಿತ್ತು. "ಇವನನ್ನು ಸೇರಿಸಿಕೊಳ್ಳುತ್ತೀರಾ?" ಅಂತ ಒಂದು ಕಾರ್ಡು ಇಟ್ಟಿದ್ದರೆ ಆಟಕ್ಕೂ ಕಳೆ ಬರುತ್ತಿತ್ತು.

ಇನ್ನೊಂದು ಸಣ್ಣ ಬೇಜಾರು. ಕರೆಯ ಕಾರ್ಡು ತಮಾಷೆಯಾಗಿದೆ, ಟೋಪಿ ಹಾಕಿಕೊಂಡು ಕೈಬೀಸುವ ಚಿತ್ರ. ಜೈಂಟ್ಸ್‌ನ ಆಲ್ ಬ್ಲೋಜಿಸ್ ಕಾರ್ಡು ಈ ಡಬ್ಬಿಯಲ್ಲಿದೆ. ಆರೂವರೆ ಅಡಿಯ ಆಳು, ಅಷ್ಟು ದೊಡ್ಡವನು ಅಂತಲೇ ಸೇನೆ ಮೊದಲು ಬೇಡ ಅಂದಿತ್ತು. ಹಟ ಹಿಡಿದು ಸೇರಿದ. 1944ರ ಡಿಸೆಂಬರ್‌ನಲ್ಲಿ ರಜೆ ಹಾಕಿ ಬಂದು ಫೈನಲ್ ಆಡಿದ, ಮುಂದಿನ ಜನವರಿ 31ಕ್ಕೆ ಫ್ರಾನ್ಸ್‌ನ ಹಿಮದಲ್ಲಿ ತನ್ನ ಪಡೆಯ ಇಬ್ಬರು ಕಾಣೆಯಾದರು ಅಂತ ಹುಡುಕಲು ಹೋದವನು ವಾಪಸ್ ಬರಲಿಲ್ಲ. ಅವನ ಮೇಲೆ ಆ ಕೈಬೀಸುವ ಚಿತ್ರ ಇಡಲು ನಮಗೆ ಮನಸ್ಸು ಬರಲಿಲ್ಲ, ಅವನಿಗೆ ಕರೆ ಬಂದರೆ ಸುಮ್ನೆ ಕಾರ್ಡು ತೆಗೆದಿಡುತ್ತೇವೆ.

ಇದನ್ನೆಲ್ಲ ಆಡುವಾಗ ನಮ್ಮ ಕಡೆಯ ನೆನಪೂ ಬರುತ್ತದೆ. ಆಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಂಗ್ಲೆಂಡ್‌ನಲ್ಲಿ ಕೌಂಟಿ ಕ್ರಿಕೆಟ್ ಯುದ್ಧಕ್ಕೆ ನಿಂತುಹೋಗಿತ್ತು, ಇಲ್ಲಿ ರಣಜಿ ನಡೆದೇ ಇತ್ತು. ಅದೇ 1943ರ ಚಳಿಗಾಲದಲ್ಲಿ ಬಾಂಬೆಯ ಪೆಂಟಾಂಗ್ಯುಲರ್ ಅನ್ನುವ ಕ್ರಿಕೆಟ್ ಪಂದ್ಯಾವಳಿಯ ಫೈನಲ್‌ನಲ್ಲಿ ವಿಜಯ್ ಹಜಾರೆ ತಂಡದ 387ರಲ್ಲಿ ಒಬ್ಬನೇ 309 ಹೊಡೆದ. ಅದನ್ನು ಯಾರಾದರೂ ಹೀಗೆ ಡಬ್ಬಿಯಲ್ಲಿ ಕೊಟ್ಟರೆ ಬೆಲೆ ಕೇಳದೆ ಕೊಳ್ಳುತ್ತೇನೆ.

ಯಾರು ತರಿಸಬೇಕು? ಅಮೆರಿಕದಿಂದ ಬರುವವರು ಯಾರಾದರೂ ಇದ್ದರೆ, ಮನೆಯಲ್ಲಿ ವಾದ ಮಾಡುವ ಜನ ಇದ್ದರೆ, ಕರೆಂಟ್ ಹೋದಾಗ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಬೇಕಿದ್ದರೆ ತರಿಸಿ. ಕೊರಿಯರ್‌ನಲ್ಲಿ ತರಿಸಬೇಡಿ, ಸಾಗಣೆ ಮತ್ತು ಸುಂಕ ಸೇರಿದರೆ ಡಬ್ಬಿಗಿಂತ ಅದೇ ಭಾರ. ಲ್ಯಾಮಿನೇಷನ್ ಖರ್ಚು ಪ್ರತ್ಯೇಕ ಇಟ್ಟುಕೊಳ್ಳಿ. ಒಬ್ಬರೇ ಆಡುವ ಪದ್ಧತಿಯೂ ಇದೆ, ಆದರೆ ಜಗಳ ಇಲ್ಲದೆ ಸಪ್ಪೆ. ಐದಕ್ಕೆ ಮೂರೂವರೆ ಕೊಡುತ್ತೇನೆ, ಆ ಇತಿಹಾಸದ ಪುಟ ಸರಿ ಮಾಡಿದರೆ ನಾಲ್ಕು.

1944ರ ಸೀಸನ್ನಿನ ಹೆಚ್ಚುವರಿ ಕಟ್ಟು ಕೂಡ ಬರುತ್ತದಂತೆ. ಆ ವರ್ಷ ಪಿಟ್ಸ್‌ಬರ್ಗ್ ಶಿಕಾಗೋ ಕಾರ್ಡಿನಲ್ಸ್ ಜೊತೆ ಸೇರಿತು, ಹತ್ತಕ್ಕೆ ಹತ್ತೂ ಸೋತಿತು. ತರಲೇನು ಅಂತ ದೊಡ್ಡಪ್ಪನ ಮಗ ಫೋನ್ ಮಾಡಿ ಕೇಳಿದ. ದುಡ್ಡು ಕೊಟ್ಟು ಸೋಲು ಯಾಕಪ್ಪ ಅಂದೆ. ಕಾಕಾ ನನ್ನ ಕೈಯಿಂದ ಫೋನ್ ಕಸಿದುಕೊಂಡು "ತಗೊಂಡ್ ಬಾರೋ ತಮ್ಮಾ, ಅದ್ರಾಗ ದಾಳಿ ನಂದು, ರಕ್ಷಣೆ ನಿಮ್ಮ ಭಾವಂದು" ಅಂದರು.