ಮನೆ ಮುಂದಿನ ಅರವಟ್ಟಿಗೆಗೆ ನಲ್ಲಿ ಮಡಕೆ: ಕೊಳ್ಳುವಾಗ, ಇಟ್ಟ ಮೇಲೆ

ಮೈಸೂರಿನ ಕುಂಬಾರಗೇರಿಯಲ್ಲೂ, ಬೇಸಿಗೆ ಬಂದರೆ ರಸ್ತೆ ಬದಿಯಲ್ಲೂ ಸಿಗುವ ನಲ್ಲಿ ಕೂರಿಸಿದ 15 ಲೀಟರಿನ ಕೆಂಪು ಮಡಕೆಯನ್ನು ಹೆಚ್ಚಿನವರು ಅಡುಗೆಮನೆಗೆಂದು ಒಯ್ಯುತ್ತಾರೆ. ಇಲ್ಲಿ ಅದನ್ನು ತೂಗಿ ನೋಡಿರುವುದು ಬೇರೆ ಕೆಲಸಕ್ಕೆ: ಗೇಟಿನ ಹೊರಗಿಟ್ಟು ದಾರಿಹೋಕರಿಗೆ ನೀರು ಕೊಡುವುದಕ್ಕೆ. ಇದರ ಹಳೆಯ ಹೆಸರು ಅರವಟ್ಟಿಗೆ. ‘ಅರ’ ಎಂದರೆ ಧರ್ಮ. ರಾಮನವಮಿಯ ದಿನ ಪಾನಕ, ಮಜ್ಜಿಗೆ, ಕೋಸಂಬರಿ ಹಂಚಲು ಬೀದಿಗೆ ಬೀದಿಯೇ ಸೇರುತ್ತದೆ. ಮಾರನೆಯ ದಿನದಿಂದ ಮುಂಗಾರಿನವರೆಗೆ ಬಿಸಿಲು ಹಾಗೇ ಇರುತ್ತದೆ, ಹಂಚುವ ಕೈ ಮಾತ್ರ ಇರುವುದಿಲ್ಲ. ಆ ಉಳಿದ ದಿನಗಳಿಗೆ ಈ ಮಡಕೆ ನಿಜಕ್ಕೂ ಒದಗುತ್ತದೆ. ಆದರೆ ದಿನಕ್ಕೆ ಎರಡು ಸಲ ಅದರ ಹತ್ತಿರ ನಿಲ್ಲಲು ಆಗದವರು ಕೊಳ್ಳದಿರುವುದೇ ಮೇಲು. ಒಣಗಿದ ಮಡಕೆಯ ನಲ್ಲಿ ತಿರುಗಿಸಿ ಬರಿಗೈಯಲ್ಲಿ ಹೋಗುವವರಿಗೆ ಅದು ಇಲ್ಲದೇ ಇದ್ದಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ ನೋಡಿ. ಟಣ್ ಎಂದರೆ ಚೆನ್ನಾಗಿ ಬೆಂದಿದೆ. ಎಲ್ಲಾದರೂ ಮಂಕಾಗಿ ದಬ್ ಎಂದರೆ ಕಣ್ಣಿಗೆ ಕಾಣದ ಸೀಳು ಇರಬಹುದು. ಎಣ್ಣೆ ಬಣ್ಣ ಬಳಿದದ್ದು, ವಾರ್ನಿಷ್ ಹೊಡೆದದ್ದು ಬೇಡವೇ ಬೇಡ. ಮಡಕೆ ತಂಪು ಮಾಡುವುದು ಅದರ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುವುದರಿಂದ. 15 ಲೀಟರ್ ನೀರು 5 ಡಿಗ್ರಿ ತಣ್ಣಗಾಗಬೇಕಾದರೆ ಕಡಿಮೆಯೆಂದರೂ 130 ಮಿಲಿಲೀಟರ್ ನೀರು ಹೀಗೆ ಆರಿಹೋಗಬೇಕು. ಬಣ್ಣ ಬಳಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಏಪ್ರಿಲ್ ಮಧ್ಯಾಹ್ನದ ಮೈಸೂರಿನ ಒಣ ಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಕರಾವಳಿಯ ತೇವದ ಹವೆಯಲ್ಲಿ ಅಷ್ಟು ನಡೆಯದು.

ಇದರ ದುರ್ಬಲ ಜಾಗ ನಲ್ಲಿ. ಒಳಗೊಂದು, ಹೊರಗೊಂದು ರಬ್ಬರ್ ವಾಷರ್ ಇರಲೇಬೇಕು. ಸೋರುತ್ತಿದೆ ಎಂದು ಇಕ್ಕಳ ಹಿಡಿದು ಬಿಗಿದರೆ ತೂತಿನ ಅಂಚಿನಿಂದ ಬಿರುಕು ಹೊರಡುತ್ತದೆ, ಅಲ್ಲಿಗೆ ಮಡಕೆಯ ಕತೆ ಮುಗಿಯಿತು. ಕೈಯಲ್ಲಿ ಬಿಗಿಯುವಷ್ಟು ಸಾಕು. ಆಮೇಲೂ ಸೋರಿದರೆ ವಾಷರ್ ಬದಲಿಸಿ. ಬೀದಿಯಲ್ಲಿ ದಿನಕ್ಕೆ ಐವತ್ತು ಕೈ ತಿರುಗಿಸುವ ನಲ್ಲಿ ಪ್ಲಾಸ್ಟಿಕ್ಕಿನದಾದರೆ ಹೆಚ್ಚು ದಿನ ತಡೆಯದು. ಹಿತ್ತಾಳೆಯದಕ್ಕೆ ಕೊಡುವ ಹೆಚ್ಚಿನ ಹಣ ದಂಡವಲ್ಲ. ನಲ್ಲಿ ಇರುವುದು ತಳದಿಂದ ಎರಡು ಬೆರಳು ಮೇಲೆ. ಹಾಗಾಗಿ ಒಂದೂವರೆ ಲೀಟರಿನಷ್ಟು ನೀರು ತಳದಲ್ಲೇ ಉಳಿಯುತ್ತದೆ. ಅದನ್ನು ಪ್ರತಿದಿನ ಬಗ್ಗಿಸಿ ಗಿಡಕ್ಕೆ ಚೆಲ್ಲಬೇಕು. ಅದರ ಮೇಲೇ ಹೊಸ ನೀರು ಸುರಿಯುತ್ತ ಹೋದರೆ ನಾಲ್ಕನೆಯ ದಿನಕ್ಕೆ ಒಳಮೈ ಲೋಳೆಲೋಳೆಯಾಗುತ್ತದೆ.

ಹೊಸ ಮಡಕೆಯಲ್ಲಿ 24 ಗಂಟೆ ನೀರು ತುಂಬಿಟ್ಟು ಚೆಲ್ಲಿ. ಮಣ್ಣಿನ ವಾಸನೆ ತಗ್ಗಲು ಹೀಗೆ ಎರಡು ಮೂರು ಸಲ ಮಾಡಬೇಕಾಗಬಹುದು. ತೊಳೆಯಲು ತೆಂಗಿನ ನಾರು, ಬಿಸಿನೀರು ಸಾಕು. ಸೋಪು ಹಾಕಿದರೆ ರಂಧ್ರಗಳಲ್ಲಿ ಕೂತು ನೀರಿಗೆ ರುಚಿ ಬಿಡುತ್ತದೆ. ಬೋರ್‌ವೆಲ್‌ನ ಗಡಸು ನೀರು ತುಂಬಿದರೆ ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿ ತಂಪು ಕಡಿಮೆಯಾಗುತ್ತದೆ. ಕಾವೇರಿ ನೀರನ್ನೇ ಕುದಿಸಿ ಆರಿಸಿಯೋ, ಶೋಧಿಸಿಯೋ ತುಂಬುವುದು ಒಳ್ಳೆಯದು. ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಮುಚ್ಚಳ ಇಡಿ. ಡೆಂಗಿ ಹರಡುವ ಸೊಳ್ಳೆಗೆ ತೆರೆದ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು. ಲಾವಂಚ ಹಾಕುವವರು ಐದಾರು ಬೇರನ್ನು ಬಟ್ಟೆಯಲ್ಲಿ ಕಟ್ಟಿ ಬಿಡಿ. ಎರಡು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸದಿದ್ದರೆ ಪರಿಮಳ ಹೋಗಿ ಮುಗ್ಗುಲು ವಾಸನೆ ಬರುತ್ತದೆ.

ನೀರು ತುಂಬುವ ಹೊತ್ತನ್ನೇ ಅಭ್ಯಾಸವಾಗಿ ಮಾಡಿಕೊಳ್ಳಲು ಈ ಮಡಕೆ ಬಹಳ ಚೆನ್ನ. ಮೊಬೈಲು ಒಳಗಿಟ್ಟು ಬನ್ನಿ. ಐದು ಲೀಟರಿನ ಪಾತ್ರೆಯಲ್ಲಿ ಮೂರು ಸಲ, ಸಣ್ಣ ಧಾರೆಯಾಗಿ ಸುರಿಯುತ್ತ ಕಿವಿಗೊಡಿ. ತಳ ಕಾಣುವಾಗ ಗುಂಯ್ ಎನ್ನುವ ದನಿ ಒಳಗಿನ ಗಾಳಿಯ ಜಾಗ ಕಿರಿದಾದಂತೆ ಏರುತ್ತ ಹೋಗುತ್ತದೆ. ಕಂಠಕ್ಕೆ ಬಂದಿತೆಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಮನಸ್ಸು ಆಫೀಸಿಗೋ ಸಾಲದ ಕಂತಿಗೋ ಹೋಗಿದ್ದರೆ ನೀರು ಹೊರಚೆಲ್ಲುತ್ತದೆ. ಚೆಲ್ಲಿದಾಗ ಬೈದುಕೊಳ್ಳಬೇಕಿಲ್ಲ, ಮತ್ತೆ ದನಿಗೆ ಮರಳಿದರಾಯಿತು. ಕಣ್ಣು ಮುಚ್ಚಿ ಕೂತರೆ ನಿದ್ದೆ ಹತ್ತುವವರಿಗೂ ಈ ಐದು ನಿಮಿಷ ಸಾಧ್ಯ.

ತುಂಬಿದ ಕೂಡಲೇ ನೀರು ತಣ್ಣಗಿರುವುದಿಲ್ಲ, ನಾಲ್ಕೈದು ಗಂಟೆ ಬೇಕು. ಬೆಳಗ್ಗೆ ಆರಕ್ಕೆ ತುಂಬಿದರೆ ಹನ್ನೊಂದರ ಬಿಸಿಲಿಗೆ ಹದವಾಗಿರುತ್ತದೆ. 200 ಮಿಲಿಲೀಟರಿನ ಲೋಟದ ಲೆಕ್ಕದಲ್ಲಿ ಅರವತ್ತೈದು ಜನಕ್ಕೆ ಬರುತ್ತದೆ, ಮನೆ ಬೀದಿಗೆ ಇಷ್ಟು ಸಾಕು. ಬಸ್ ನಿಲ್ದಾಣದ ಹತ್ತಿರ ಇದು ಯಾವ ಮೂಲೆಗೂ ಸಾಲದು. ಮಧ್ಯಾಹ್ನಕ್ಕೇ ಖಾಲಿಯಾಗುವ ಕಡೆ ಎರಡು ಮಡಕೆ ಇಟ್ಟು, ಒಂದನ್ನು ಬಳಸುವಾಗ ಇನ್ನೊಂದನ್ನು ತುಂಬಿ ತಣ್ಣಗಾಗಲು ಬಿಡಿ. ಹೊಂಗೆಯ ನೆರಳಾದರೆ ಸರಿ, ಗಾಳಿಯಾಡದ ಮೂಲೆ ಬೇಡ. ಕಬ್ಬಿಣದ ಮುಕ್ಕಾಲಿಯ ಮೇಲೆ ಸಿಂಬಿ ಹಾಕಿ ಕೂರಿಸಿ. ಮಗುವಿನ ಕೈಗೂ ಎಟುಕುವಂತೆ ನಲ್ಲಿ ಎರಡೂವರೆ ಅಡಿ ಎತ್ತರದಲ್ಲಿರಲಿ. ಕೆಳಗೆ ಹನಿ ಬೀಳುವಲ್ಲಿ ಎರಡಂಗುಲ ಆಳದ ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು ಇಟ್ಟರೆ ಗುಬ್ಬಿ, ಮೈನಾಗಳಿಗೂ ಕೂತು ಕುಡಿಯಲು ಆಗುತ್ತದೆ. ಆ ತಟ್ಟೆಯನ್ನೂ ದಿನಾ ತೊಳೆಯಿರಿ.

ಮಡಕೆ ಗೇಟಿನ ಒಳಗಿದ್ದರೆ ಪೌರಕಾರ್ಮಿಕರು, ಪಾರ್ಸೆಲ್ ತರುವ ಹುಡುಗರು, ಹೂವು ಮಾರುವ ಹೆಂಗಸರು ಕೇಳಲು ಹಿಂಜರಿಯುತ್ತಾರೆ. ಹೊರಗಿಡಿ. ‘ಕುಡಿಯುವ ನೀರು’ ಎಂದಷ್ಟೇ ಬರೆಯಿರಿ, ಯಾರ ನೆನಪಿಗೆ, ಯಾರ ಸೇವಾರ್ಥ ಎಂಬುದು ಬಾಯಾರಿದವರಿಗೆ ಬೇಕಿಲ್ಲ. ಲೋಟಕ್ಕೆ ಸರಪಳಿ ಕಟ್ಟಬೇಡಿ. ನಾಲ್ಕು ಸ್ಟೀಲ್ ಲೋಟ ಬೋರಲು ಹಾಕಿ, ದಿನಕ್ಕೆ ಮೂರು ಸಲ ತೊಳೆಯಿರಿ. ಒಂದೆರಡು ಕಳೆದುಹೋದರೆ ಅದನ್ನೂ ಖರ್ಚಿನಲ್ಲೇ ಸೇರಿಸಿಕೊಳ್ಳಿ. ಮನೆಗೆ ಬಂದವರಿಗೊಂದು ಲೋಟ, ಚರಂಡಿ ತೆಗೆಯಲು ಬಂದವರಿಗೆ ಪ್ಲಾಸ್ಟಿಕ್ ಲೋಟ ಎಂಬ ಭೇದವಂತೂ ಈ ಮಡಕೆಯ ಹತ್ತಿರ ಸುಳಿಯಲೇ ಕೂಡದು.

20 ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಒಡೆಯುವುದಿಲ್ಲ, ಹಗುರ, ನಿಜ. ಆದರೆ ಮಧ್ಯಾಹ್ನ ಎರಡಕ್ಕೆ ಅದರ ನೀರು ಬಿಸಿ. ಮಡಕೆಯ ಕೊರತೆ ಎಂದರೆ ಆಯಸ್ಸು: ರಂಧ್ರಗಳು ಕಟ್ಟಿಕೊಂಡು ವರ್ಷದಿಂದ ವರ್ಷಕ್ಕೆ ತಂಪು ಇಳಿಯುತ್ತದೆ. ಮಳೆ ಹಿಡಿದ ಮೇಲೆ ನಲ್ಲಿ ಬಿಚ್ಚಿ, ವಾಷರ್ ಒರೆಸಿ, ಮಡಕೆಯನ್ನು ನೆರಳಲ್ಲಿ ಪೂರ್ತಿ ಒಣಗಿಸಿ ಬೋರಲು ಹಾಕಿಡಿ. ಒದ್ದೆಯಾಗಿಯೇ ಎತ್ತಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ. ಒಡೆದದ್ದರ ಚೂರುಗಳನ್ನು ಹೂಕುಂಡದ ತಳಕ್ಕೆ ಹಾಕಬಹುದು.