ಅಡಿಕೆ ಸುಲಿಯುವಾಗ ಕೇಳಿದ ಮಾತುಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಡಿಕೆ ಸುಲಿಯುವ ಕಾಲ ಬಂದರೆ ದಿನಕ್ಕೆ ನಾಲ್ಕು ಗಂಟೆ ಮೆಟ್ಟುಕತ್ತಿಯ ಎದುರು ಕೂರಬೇಕು. ಕೈಗೆ ಕೆಲಸ, ಕಿವಿಗೆ ರಜೆ. ಹಾಗಾಗಿ ಈ ಸಲ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಫೂರ್ತಿಯ ಮಾತು ಕೇಳಲು ಶುರು ಮಾಡಿದೆ.

ಮೊದಲು ಸಿಕ್ಕಿದವರೆಲ್ಲ ಕಿರುಚುವವರೇ. ಹಿಂದೆ ಡೋಲು, ಮುಂದೆ "ನಾಲ್ಕು ಗಂಟೆಗೆ ಏಳಿ, ಜೀವನ ಬದಲಾಗುತ್ತದೆ!" ನಾನು ಇಪ್ಪತ್ತು ವರ್ಷದಿಂದ ಹಾಲು ಕರೆಯಲು ನಾಲ್ಕೂವರೆಗೇ ಏಳುತ್ತಿದ್ದೇನೆ, ಬದಲಾದದ್ದು ದನ ಮಾತ್ರ. ಅವರಲ್ಲೇ ಒಬ್ಬರ ಕೋರ್ಸಿಗೆ 499 ರೂಪಾಯಿಯನ್ನೂ ಕಟ್ಟಿದೆ. ಬಂದದ್ದು ಹನ್ನೊಂದು ಪುಟದ ಪಿಡಿಎಫ್. ಹೆಸರು ಬೇಡ ಬಿಡಿ. ಕೊನೆಗೆ ಏನಾದರೂ ಮಾರುವವರ ಮಾತನ್ನು ಈಗ ಅರ್ಧಕ್ಕೇ ನಿಲ್ಲಿಸುತ್ತೇನೆ.

ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಬೇರೆಯೇ. 2023ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆಯೇ ನಾನು ಕೇಳಲು ಕೂತದ್ದು. ಮೊದಲ ದಿನ ನಿಧಾನ ಅನಿಸಿ ವೇಗವನ್ನು ಒಂದೂವರೆ ಪಟ್ಟಿಗೆ ಏರಿಸಿದೆ. ತಪ್ಪು ಮಾಡಿದೆ. ಅವರು ಒಂದು ಮಾತು ಹೇಳಿ ಸುಮ್ಮನಾಗುತ್ತಾರಲ್ವಾ, ಆ ಸುಮ್ಮನಿರುವುದರಲ್ಲೇ ಇರುವುದು ಎಲ್ಲ. ಅಷ್ಟರಲ್ಲಿ ನನ್ನ ಎರಡು ಅಡಿಕೆ ಸುಲಿದಾಗಿರುತ್ತದೆ.

'ತಲೆ-ಹರಟೆ' ಪಾಡ್‌ಕಾಸ್ಟ್ ಸ್ಫೂರ್ತಿ ಕೊಡುತ್ತೇನೆ ಅಂತ ಹೇಳುವುದೇ ಇಲ್ಲ. ವಿಷಯ ತಿಳಿದವರನ್ನು ಕೂರಿಸಿ ಮಾತಾಡಿಸುತ್ತಾರೆ, ಅಷ್ಟೇ. ಬೆಂಗಳೂರಿನ ಇಂಗ್ಲಿಷ್ ಸ್ವಲ್ಪ ಜಾಸ್ತಿ. ಆದರೆ ಮುಗಿದಾಗ ತಲೆಗೆ ಗಾಳಿ ಬಂದ ಹಾಗಾಗುತ್ತದೆ.

ಟೆಡ್ ಅಂತ ಒಂದು ಸಂಸ್ಥೆ, ಬೇರೆ ಬೇರೆ ಕ್ಷೇತ್ರದವರನ್ನು ವೇದಿಕೆಯಲ್ಲಿ ಮಾತಾಡಿಸುತ್ತದೆ. ಆ ಮಾತುಗಳು ಹೆಚ್ಚಿನವು ಇಂಗ್ಲಿಷಿನವು, ಸಾಮಾನ್ಯವಾಗಿ 18 ನಿಮಿಷದೊಳಗೆ. ಆ್ಯಪ್ ಉಚಿತ. ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದ ಅಡಿಕೆ ಕೊಟ್ಟಿಗೆಯಲ್ಲೂ ಕೇಳಬಹುದು. ಎಲ್ಲವೂ ಚಿನ್ನ ಅಲ್ಲ. ಎಷ್ಟೋ ಜನ ಚೆಂದ ಮಾತಾಡಿ ಚಪ್ಪಾಳೆ ತೆಗೆದುಕೊಂಡು ಹೋಗುತ್ತಾರೆ, ಮರುದಿನ ಒಂದು ಸಾಲೂ ನೆನಪಿರುವುದಿಲ್ಲ. ನನ್ನಲ್ಲಿ ಉಳಿದದ್ದು ಕ್ಯಾರೊಲ್ ಡ್ವೆಕ್ ಎಂಬ ಮನಃಶಾಸ್ತ್ರಜ್ಞೆಯ ಹತ್ತು ನಿಮಿಷ. ಚಿಕಾಗೋದ ಒಂದು ಹೈಸ್ಕೂಲಿನಲ್ಲಿ ಪಾಸಾಗದ ಮಕ್ಕಳಿಗೆ ಫೇಲ್ ಅನ್ನುತ್ತಿರಲಿಲ್ಲವಂತೆ, 'ಇನ್ನೂ ಇಲ್ಲ' ಅಂತ ಗ್ರೇಡ್ ಕೊಡುತ್ತಿದ್ದರಂತೆ. ಕೇಳುತ್ತಾ ಕೈ ನಿಂತೇಬಿಟ್ಟಿತು.

ಯಾಕೆಂದರೆ ನಾನು ಮಲಯಾಳ ಚೆನ್ನಾಗಿಯೇ ಮಾತಾಡುತ್ತೇನೆ, ಓದಲು ಮಾತ್ರ ಬರುವುದಿಲ್ಲ. ಕಲಿತದ್ದು ಕನ್ನಡ ಶಾಲೆ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಲಾಗದೆ ಯಾವುದಾದರೂ ಹುಡುಗನ ಹತ್ತಿರ "ಇದು ಎಲ್ಲಿಗೆ ಮಾರಾಯ?" ಅಂತ ಕೇಳುವುದು. ಆ ಸಂಜೆಯೇ ಮಗಳ ಹಳೇ ಒಂದನೇ ಕ್ಲಾಸಿನ ಮಲಯಾಳ ಪುಸ್ತಕ ಹುಡುಕಿದೆ.

ಈಗ ಮುಳ್ಳೇರಿಯದ ಬಸ್ಸು, ಕಾಸರಗೋಡಿನ ಬಸ್ಸು ಬೋರ್ಡು ನೋಡಿಯೇ ಹತ್ತುತ್ತೇನೆ. ಪಂಚಾಯತಿನ ನೋಟೀಸು ಇನ್ನೂ ಇಲ್ಲ.