ಗೊಡಾಕ್ಸ್ ಪಿಬಿ960: ಫ್ಲ್ಯಾಶ್‌ಗೆ ಸೊಂಟದ ಬ್ಯಾಟರಿ, ಯಾರಿಗೆ ಬೇಕು, ಯಾರಿಗೆ ಬೇಡ

ಆರತಕ್ಷತೆಯ ವೇದಿಕೆಯ ಮೇಲೆ ಒಂದು ಕುಟುಂಬ ಉಡುಗೊರೆ ಕೊಟ್ಟು ನಿಂತಿರುವಾಗಲೇ ಮುಂದಿನ ಕುಟುಂಬ ಮೆಟ್ಟಿಲು ಹತ್ತಿರುತ್ತದೆ. ಒಂದೊಂದು ಗುಂಪಿಗೂ ಎರಡು ಮೂರು ಕ್ಲಿಕ್ ಬೇಕೇ ಬೇಕು, ಯಾರಾದರೂ ಒಬ್ಬರು ಕಣ್ಣು ಮುಚ್ಚಿರುತ್ತಾರೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದ ಫ್ಲ್ಯಾಶ್ ಮೊದಲ ಅರ್ಧ ಗಂಟೆ ಚುರುಕಾಗಿರುತ್ತದೆ. ಆಮೇಲೆ ರೆಡಿ ದೀಪ ಹತ್ತುವುದು ತಡವಾಗುತ್ತಾ ಹೋಗಿ, ಎರಡನೇ ಕ್ಲಿಕ್ ಮಂಕಾಗಿ, ಮೂರನೆಯದು ಕಪ್ಪಾಗಿ ಬರುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಬಲ್ ಮೂಲಕ ಫ್ಲ್ಯಾಶ್‌ಗೆ ಜೋಡಿಸುವ ಬ್ಯಾಟರಿ ಪೆಟ್ಟಿಗೆ ಗೊಡಾಕ್ಸ್ ಪಿಬಿ960 ಪರಿಹರಿಸುವುದು ಈ ಒಂದು ತೊಂದರೆಯನ್ನು. ಇದರಿಂದ ಬೆಳಕು ಹೆಚ್ಚಾಗುತ್ತದೆ ಎಂದುಕೊಂಡು ಕೊಳ್ಳುವವರಿದ್ದಾರೆ. ಹೆಚ್ಚಾಗುವುದಿಲ್ಲ. ಬೆಳಕು ಎಷ್ಟೆಂದು ನಿರ್ಧರಿಸುವುದು ಫ್ಲ್ಯಾಶ್‌ನೊಳಗಿನ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಟ್ಟು ಒಮ್ಮೆಲೇ ಬಿಡುವ ಭಾಗ. ಹೊರಗಿನ ಬ್ಯಾಟರಿ ಅದನ್ನು ಬೇಗ ತುಂಬಿಸುತ್ತದೆ, ಹೆಚ್ಚು ಸಲ ತುಂಬಿಸುತ್ತದೆ, ಅಷ್ಟೆ.

ನಾಲ್ಕು ರೀಚಾರ್ಜಬಲ್ ಸೆಲ್ ಸೇರಿದರೆ 4.8 ವೋಲ್ಟ್. ಕೆಪಾಸಿಟರ್‌ಗೆ ಬೇಕಾಗುವುದು ಸುಮಾರು 330 ವೋಲ್ಟ್. ಈ ಅಂತರವನ್ನು ಏರಿಸುವ ಸರ್ಕ್ಯೂಟ್ ಫ್ಲ್ಯಾಶ್‌ನೊಳಗೇ ಇದೆ. ಫ್ಲ್ಯಾಶ್ ಹೊಡೆದ ಕೂಡಲೇ ಸಣ್ಣಗೆ ಕುಯ್ಯ್ ಎಂದು ಕೇಳಿಸುವುದು ಅದರದ್ದೇ ದನಿ. ಸೆಲ್‌ಗಳು ಸುಸ್ತಾದಷ್ಟೂ ಆ ಕೆಲಸ ನಿಧಾನವಾಗುತ್ತದೆ. ಪಿಬಿ960 ಈ ಸರ್ಕ್ಯೂಟನ್ನೇ ಬಳಸಿಕೊಳ್ಳುವುದಿಲ್ಲ. ತನ್ನ 11.1 ವೋಲ್ಟ್ ಲಿಥಿಯಂ ಬ್ಯಾಟರಿಯಿಂದ ತಾನೇ 300ಕ್ಕೂ ಹೆಚ್ಚು ವೋಲ್ಟ್ ತಯಾರಿಸಿ, ಫ್ಲ್ಯಾಶ್‌ನ ಪಕ್ಕದಲ್ಲಿರುವ ಮೂರು ಪಿನ್ ಸಾಕೆಟ್ ಮೂಲಕ ನೇರವಾಗಿ ಕೆಪಾಸಿಟರ್‌ಗೆ ಕೊಡುತ್ತದೆ. ಹಾಗಾಗಿ ಆ ಸಾಕೆಟ್ ಇಲ್ಲದ ಫ್ಲ್ಯಾಶ್‌ಗೆ ಈ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ. ಕ್ಯಾನನ್ 580ಇಎಕ್ಸ್ 2, 600ಇಎಕ್ಸ್-ಆರ್‌ಟಿ, ನಿಕಾನ್ ಎಸ್‌ಬಿ-900, ಎಸ್‌ಬಿ-910 ಇವುಗಳಲ್ಲಿ ಸಾಕೆಟ್ ಇದೆ. ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ಇಲ್ಲ. ಕೊಳ್ಳುವ ಮೊದಲು ಫ್ಲ್ಯಾಶ್‌ನ ಪಕ್ಕದ ರಬ್ಬರ್ ಮುಚ್ಚಳ ತೆಗೆದು ನೋಡಿ.

ಒಂದು ಸಲ ಚಾರ್ಜ್ ಮಾಡಿದರೆ ಕಂಪನಿ ಹೇಳುವುದು 1800 ಫುಲ್ ಪವರ್ (ಪೂರ್ತಿ ಬೆಳಕಿನ) ಫ್ಲ್ಯಾಶ್. ಈ ಅಂಕಿಯನ್ನು ಕಾಗದದ ಮೇಲೆ ಪರೀಕ್ಷಿಸಬಹುದು. 11.1 ವೋಲ್ಟ್, 4500 ಎಂಎಎಚ್ ಎಂದರೆ ಸುಮಾರು 50 ವ್ಯಾಟ್-ಅವರ್ ಶಕ್ತಿ, ಇನ್ನೊಂದು ಅಳತೆಯಲ್ಲಿ 1,80,000 ಜೂಲ್. 1800ರಿಂದ ಭಾಗಿಸಿದರೆ ಒಂದು ಫ್ಲ್ಯಾಶ್‌ಗೆ 100 ಜೂಲ್. ಕ್ಯಾಮೆರಾದ ತಲೆಯ ಮೇಲೆ ಕೂರುವ ದೊಡ್ಡ (ಹಾಟ್ ಶೂ) ಫ್ಲ್ಯಾಶ್‌ನ ಕೆಪಾಸಿಟರ್ 1400 ಮೈಕ್ರೋಫ್ಯಾರಡ್ ಇದ್ದರೆ, 330 ವೋಲ್ಟ್‌ನಲ್ಲಿ ಅದು ಹಿಡಿಯುವುದು ಹೆಚ್ಚೂಕಡಿಮೆ 76 ಜೂಲ್. ಉಳಿದದ್ದು ವೋಲ್ಟೇಜ್ ಏರಿಸುವಾಗ ಬಿಸಿಯಾಗಿ ಹೋಗುತ್ತದೆ. ಲೆಕ್ಕ ಕೂಡುತ್ತದೆ. ಆದರೆ ಬ್ಯಾಟರಿ ಹೊಸದಾಗಿದ್ದು, ಕೊನೆಯ ಹನಿಯವರೆಗೂ ಹಿಂಡಿದರೆ ಮಾತ್ರ. ಮದುವೆಯ ದಿನಕ್ಕೆ 1200 ಎಂದು ಹಿಡಿದುಕೊಳ್ಳುವುದು ಕ್ಷೇಮ. ಎರಡು ಮೂರು ವರ್ಷ ದುಡಿದ ಬ್ಯಾಟರಿಗೆ ಇನ್ನೂ ಕಡಿಮೆ. ಪೆಟ್ಟಿಗೆಯಲ್ಲಿರುವ ಎರಡು ಔಟ್‌ಪುಟ್‌ಗೆ ಎರಡು ಫ್ಲ್ಯಾಶ್ ಸಿಕ್ಕಿಸಿದರೆ ಇದೇ ಸಂಖ್ಯೆ ಇಬ್ಬರಿಗೆ ಹಂಚಿಹೋಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, 1900 ಎಂಎಎಚ್‌ನ ನಾಲ್ಕು ಎನೆಲೂಪ್ ರೀಚಾರ್ಜಬಲ್ ಸೆಲ್‌ಗಳಲ್ಲಿ ಇರುವುದು 9 ವ್ಯಾಟ್-ಅವರ್ ಮಾತ್ರ. ಈ ಪೆಟ್ಟಿಗೆಯಲ್ಲಿ ಅದರ ಐದು ಪಟ್ಟಿಗಿಂತ ಹೆಚ್ಚಿದೆ. ಫುಲ್ ಪವರ್‌ನಲ್ಲಿ ಆಲ್ಕಲೈನ್ ಸೆಲ್ ಐದಾರು ಸೆಕೆಂಡ್ ತೆಗೆದುಕೊಳ್ಳುವ ಕೆಲಸವನ್ನು ಇದು ಎರಡು ಸೆಕೆಂಡ್ ಆಸುಪಾಸಿನಲ್ಲಿ ಮುಗಿಸುತ್ತದೆ.

ಜೋಡಿಸುವ ಕ್ರಮ ಸುಲಭ, ಆದರೆ ತಪ್ಪಬಾರದು. ಕೇಬಲ್ ಬೇರೆಯಾಗಿ ಕೊಳ್ಳಬೇಕು. ಕ್ಯಾನನ್‌ಗೆ ಸಿಎಕ್ಸ್, ನಿಕಾನ್‌ಗೆ ಎನ್‌ಎಕ್ಸ್, ಸೋನಿಗೆ ಎಸ್‌ಎಕ್ಸ್. ಇಲ್ಲಿ ನೋಡಬೇಕಾದದ್ದು ಕ್ಯಾಮೆರಾದ ಹೆಸರನ್ನಲ್ಲ, ಫ್ಲ್ಯಾಶ್‌ನ ಸಾಕೆಟ್ ಆಕಾರವನ್ನು. ನಿಕಾನ್ ಕ್ಯಾಮೆರಾದ ಮೇಲೆ ಬೇರೆ ಕಂಪನಿಯ ಫ್ಲ್ಯಾಶ್ ಹಾಕಿಕೊಂಡವರು ಎನ್‌ಎಕ್ಸ್ ಕೇಬಲ್ ತಂದು ಪೇಚಾಡುವುದು ಸಾಮಾನ್ಯ. ಫ್ಲ್ಯಾಶ್ ಮತ್ತು ಪೆಟ್ಟಿಗೆ ಎರಡನ್ನೂ ಆಫ್ ಮಾಡಿ, ಕೇಬಲ್ಲನ್ನು ಎರಡೂ ತುದಿಯಲ್ಲಿ ಪೂರ್ತಿ ಒತ್ತಿ ಸೇರಿಸಿ, ಆಮೇಲೆ ಪೆಟ್ಟಿಗೆ ಆನ್, ಕೊನೆಗೆ ಫ್ಲ್ಯಾಶ್ ಆನ್. ಬಿಚ್ಚುವಾಗ ಪೆಟ್ಟಿಗೆಯನ್ನು ಮೊದಲು ಆಫ್ ಮಾಡಿ, ಟೆಸ್ಟ್ ಬಟನ್ ಒತ್ತಿ ಒಂದು ಸಲ ಫ್ಲ್ಯಾಶ್ ಹೊಡೆಸಿ, ಫ್ಲ್ಯಾಶನ್ನೂ ಆಫ್ ಮಾಡಿ ಕೇಬಲ್ ತೆಗೆಯಿರಿ. ಇದು 300 ವೋಲ್ಟ್ ದಾಟಿದ್ದು, ಮನೆಯ ಪ್ಲಗ್ಗಿಗಿಂತ ಹೆಚ್ಚು. ಪಿನ್ ಮುಟ್ಟುವುದು, ಒದ್ದೆ ಕೈಯಲ್ಲಿ ಕೇಬಲ್ ಬದಲಿಸುವುದು, ಧಾರೆಯ ನೀರು ಬಿದ್ದಿರುವ ಕಡೆ ಪೆಟ್ಟಿಗೆಯನ್ನು ನೆಲಕ್ಕಿಡುವುದು ಬೇಡವೇ ಬೇಡ.

ಒಳಗಿನ ನಾಲ್ಕು ಸೆಲ್‌ಗಳನ್ನು ತೆಗೆದುಬಿಡಬಹುದು ಎಂಬ ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ತೆಗೆಯುವಂತಿಲ್ಲ. ಪರದೆ, ಜೂಮ್ ಮೋಟಾರು, ಟಿಟಿಎಲ್ (ಬೆಳಕು ಎಷ್ಟು ಬೇಕೆಂದು ಕ್ಯಾಮೆರಾ ತಾನೇ ಅಳೆಯುವ ವ್ಯವಸ್ಥೆ) ಲೆಕ್ಕಾಚಾರ ಎಲ್ಲವೂ ಒಳಗಿನ ಸೆಲ್‌ಗಳಿಂದಲೇ ನಡೆಯುತ್ತವೆ. ಇಲ್ಲೊಂದು ಸೂಕ್ಷ್ಮವಿದೆ, ಹೆಚ್ಚಿನವರು ಗಮನಿಸದೇ ಇರುವುದು. 580ಇಎಕ್ಸ್ 2ರಲ್ಲಿ ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ ಕೆಪಾಸಿಟರ್ ತುಂಬಿಸಲು ಒಳಗಿನ ಸೆಲ್ಲೂ ಹೊರಗಿನ ಬ್ಯಾಟರಿಯೂ ಒಟ್ಟಿಗೆ ದುಡಿಯುತ್ತವೆ. ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಉಳಿದಿರುವಾಗಲೇ ಒಳಗಿನ ಸೆಲ್ ಖಾಲಿಯಾಗಿ ಫ್ಲ್ಯಾಶ್ ನಿಂತುಹೋಗುವುದು ಇದರಿಂದಲೇ. ಫ್ಲ್ಯಾಶ್‌ನ ಸೆಟ್ಟಿಂಗ್‌ಗಳಲ್ಲಿ ಕಸ್ಟಮ್ ಫಂಕ್ಷನ್ 12ಕ್ಕೆ ಹೋಗಿ 0 ಇರುವುದನ್ನು 1 ಮಾಡಿ. ಆಗ ತುಂಬಿಸುವ ಕೆಲಸ ಪೂರ್ತಿಯಾಗಿ ಹೊರಗಿನದ್ದು, ಒಳಗಿನ ಸೆಲ್ ನಿಯಂತ್ರಣಕ್ಕೆ ಮಾತ್ರ.

ಇದರಿಂದ ಇನ್ನೊಂದು ಉಪಕಾರವಿದೆ. ಈ ಪೆಟ್ಟಿಗೆಯ ದುರ್ಬಲ ಭಾಗ ಎಂದರೆ ಕೇಬಲ್. ಸುರುಳಿ ಕೇಬಲ್ ಕುರ್ಚಿಗೆ ಸಿಕ್ಕಿಕೊಂಡು, ಬಗ್ಗಿದಾಗ ಎಳೆದು, ಪ್ಲಗ್ಗಿನ ಬುಡದಲ್ಲಿ ಒಳಗಿನ ತಂತಿ ಕಡಿಯುತ್ತದೆ, ಇಲ್ಲವೇ ಸಾಕೆಟ್ಟಿನಲ್ಲಿ ಪ್ಲಗ್ ಸಡಿಲವಾಗುತ್ತದೆ. ಎರಡೂ ಒಟ್ಟಿಗೆ ದುಡಿಯುವ ಸೆಟ್ಟಿಂಗ್‌ನಲ್ಲಿ ಆಗ ಫ್ಲ್ಯಾಶ್ ಸದ್ದಿಲ್ಲದೆ ಒಳಗಿನ ಸೆಲ್‌ಗಳಿಗೆ ಮರಳುತ್ತದೆ. ಅರ್ಧ ಗಂಟೆಯ ನಂತರ ನಿಧಾನವಾದಾಗಲೇ ಗೊತ್ತಾಗುವುದು. 1ರಲ್ಲಿಟ್ಟರೆ ಸಂಪರ್ಕ ತಪ್ಪಿದ್ದು ಕೂಡಲೇ ತಿಳಿಯುತ್ತದೆ. ಕೆಲಸಕ್ಕೆ ಹೊರಡುವ ಮುಂಚೆ ಫ್ಲ್ಯಾಶನ್ನು ಮ್ಯಾನುಯಲ್ ಫುಲ್ ಪವರ್‌ಗೆ ಹಾಕಿ, ಟೆಸ್ಟ್ ಬಟನ್ ಒತ್ತಿ ಸೆಕೆಂಡ್ ಎಣಿಸಿ. ಕೇಬಲ್ಲನ್ನು ಎರಡೂ ಬುಡದಲ್ಲಿ ಮೆಲ್ಲಗೆ ಅಲುಗಿಸುತ್ತಾ ಇನ್ನೂ ಎರಡು ಸಲ ಹೊಡೆಸಿ. ಸಮಯ ವ್ಯತ್ಯಾಸವಾದರೆ ಆ ಕೇಬಲ್ ನಂಬಬೇಡಿ. ಚೀಲದಲ್ಲಿ ಎರಡನೇ ಪೆಟ್ಟಿಗೆಗಿಂತ ಎರಡನೇ ಕೇಬಲ್ ಇರುವುದು ಮುಖ್ಯ.

ಈಗ ಬಿಸಿಯ ವಿಚಾರ. ಹೊರಗಿನ ಬ್ಯಾಟರಿ ಹಾಕಿದವರ ಫ್ಲ್ಯಾಶ್ ಕೆಡುವುದಿದ್ದರೆ ಬಹುತೇಕ ಇದರಿಂದಲೇ. ನಿಧಾನವಾದ ಸೆಲ್‌ಗಳು ನಮಗೆ ಬೇಸರ ತಂದರೂ ಫ್ಲ್ಯಾಶ್‌ನ ತಲೆಗೆ ಆರಲು ಸಮಯ ಕೊಡುತ್ತಿದ್ದವು. ಈಗ ಆ ಬಿಡುವು ಹೋಯಿತು. ಟ್ಯೂಬ್, ಅದರ ಹಿಂದಿನ ರಿಫ್ಲೆಕ್ಟರ್, ಮುಂದಿನ ಪ್ಲಾಸ್ಟಿಕ್ ಲೆನ್ಸ್ ಎಲ್ಲವೂ ಒಂದರ ಮೇಲೊಂದರಂತೆ ಶಾಖ ನುಂಗುತ್ತವೆ. ಮೊದಲು ಲೆನ್ಸ್ ಹಳದಿಯಾಗುತ್ತದೆ, ಆಮೇಲೆ ಕಂದು ಕಲೆ, ಕೊನೆಗೆ ಕರಗುತ್ತದೆ. ಮುಂದೆ ಬಣ್ಣದ ಜೆಲ್ (ಬೆಳಕಿನ ಬಣ್ಣ ಬದಲಿಸುವ ತೆಳು ಹಾಳೆ) ಅಂಟಿಸಿದ್ದರೆ ಅದು ಇನ್ನೂ ಬೇಗ ಸುಟ್ಟು ಲೆನ್ಸಿಗೆ ಅಂಟಿಕೊಳ್ಳುತ್ತದೆ. 580ಇಎಕ್ಸ್ 2ರ ಕೈಪಿಡಿ ಸ್ಪಷ್ಟವಾಗಿಯೇ ಹೇಳುತ್ತದೆ: ಸತತ 20 ಫ್ಲ್ಯಾಶ್ ಆದ ಮೇಲೆ ಕನಿಷ್ಠ 10 ನಿಮಿಷ ಬಿಡುವು ಕೊಡಬೇಕು. ಸೆಲ್ ಹಾಕಿದಾಗ ಈ 20 ಮುಟ್ಟಲು ಒಂದೂವರೆ ಎರಡು ನಿಮಿಷ ಹಿಡಿಯುತ್ತಿತ್ತು, ಪೆಟ್ಟಿಗೆ ಹಾಕಿದರೆ 40 ಸೆಕೆಂಡಿನಲ್ಲಿ ಮುಟ್ಟುತ್ತೀರಿ. ನಿಕಾನ್ ಎಸ್‌ಬಿ-900 ಬಿಸಿಯಾದಾಗ ಹೊಡೆಯುವುದನ್ನೇ ನಿಲ್ಲಿಸುತ್ತದೆ. ಎಸ್‌ಬಿ-910 ನಿಲ್ಲುವ ಬದಲು ಚಾರ್ಜ್ ಆಗುವ ವೇಗ ತಗ್ಗಿಸುತ್ತದೆ. ಇಂಥ ಯಾವ ರಕ್ಷಣೆಯೂ ಇಲ್ಲದ ಅಗ್ಗದ ಫ್ಲ್ಯಾಶ್‌ಗೆ ಪೆಟ್ಟಿಗೆ ಸಿಕ್ಕಿಸಿದರೆ ಕಾವಲು ನಿಮ್ಮದೇ.

ಬಿಸಿ ತಡೆಯುವ ದಾರಿ ಸರಳ: ಫುಲ್ ಪವರ್ ಮುಟ್ಟದಿರುವುದು. ಕಲ್ಯಾಣ ಮಂಟಪದ ಎತ್ತರದ ಚಾವಣಿಗೆ ಬೆಳಕು ಹೊಡೆದು ಬೌನ್ಸ್ ಮಾಡಿದರೆ ಟಿಟಿಎಲ್ ಪ್ರತಿ ಸಲವೂ ಫುಲ್ ಪವರ್ ಬೇಡುತ್ತದೆ. ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಅದರ ಸೂಕ್ಷ್ಮತೆ) 400ರಿಂದ 1600ಕ್ಕೆ ಏರಿಸಿದರೆ ಅದೇ ಬೆಳಕಿಗೆ ಕಾಲು ಭಾಗ ಪವರ್ ಸಾಕು. ಈಗಿನ ಕ್ಯಾಮೆರಾಗಳಿಗೆ 1600 ಒಂದು ಕಷ್ಟವೇ ಅಲ್ಲ. ಕಾಲು ಪವರ್‌ನಲ್ಲಿ ಒಳ್ಳೆಯ ರೀಚಾರ್ಜಬಲ್ ಸೆಲ್ ಹಾಕಿದ ಫ್ಲ್ಯಾಶ್ ಕೂಡ ಸೆಕೆಂಡೊಂದರ ಆಸುಪಾಸಿನಲ್ಲಿ ಸಿದ್ಧವಾಗುತ್ತದೆ. ಆದ್ದರಿಂದ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ. ಅರ್ಧದಷ್ಟು ಜನಕ್ಕೆ ಇಲ್ಲಿಗೇ ಪೆಟ್ಟಿಗೆಯ ಅಗತ್ಯ ಮುಗಿಯುತ್ತದೆ ಎಂಬುದು ನಮ್ಮ ಅನಿಸಿಕೆ. ಉಳಿಯುವವರು ಬಿಸಿಲಲ್ಲಿ ಹೊರಾಂಗಣದಲ್ಲಿ ಹೊಡೆಯುವವರು, ಬೆಳಕನ್ನು ಮೃದುವಾಗಿಸುವ ಸಾಫ್ಟ್‌ಬಾಕ್ಸ್ ಅಥವಾ ಕೊಡೆಯ ಮೂಲಕ ಹೊಡೆಯುವವರು, ಬೆಳಗಿನ ಮುಹೂರ್ತದಿಂದ ರಾತ್ರಿಯ ಊಟದವರೆಗೆ ಸೆಲ್ ಬದಲಿಸಲು ಬಿಡುವಿಲ್ಲದವರು. ಇವರಿಗೆ ಪಿಬಿ960 ನಿಜಕ್ಕೂ ಒಳ್ಳೆಯ ವಸ್ತು.

ಎರಡು ಔಟ್‌ಪುಟ್ ಕೂಡಿಸಿ ಒಂದೇ ಫ್ಲ್ಯಾಶ್‌ಗೆ ಕೊಡುವ ಕೇಬಲ್ಲೂ ಇದೆ. ಅದು ಎಡಿ360ಯಂಥ ದೊಡ್ಡ ಫ್ಲ್ಯಾಶ್‌ಗಳಿಗೆ. ಹಾಟ್ ಶೂ ಫ್ಲ್ಯಾಶ್‌ಗೆ ಹಾಕಬೇಡಿ.

ಹೊರಗಿನ ಬ್ಯಾಟರಿಗೆ ಬೇರೆ ದಾರಿಗಳೂ ಇವೆ. ಕ್ಯಾನನ್ ಸಿಪಿ-ಇ4ಎನ್ ಎಂಟು ಪೆನ್ಸಿಲ್ ಸೆಲ್ ಹಿಡಿಯುತ್ತದೆ, ನಿಕಾನ್ ಎಸ್‌ಡಿ-9 ನಾಲ್ಕು ಅಥವಾ ಎಂಟು. ಸೆಲ್ ಮುಗಿದರೆ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ ಎಂಬುದು ಇವುಗಳ ದೊಡ್ಡ ಬಲ. ಪಿಬಿ960ರ ಬ್ಯಾಟರಿ ಮುಗಿದರೆ ಅದರದ್ದೇ ಚಾರ್ಜರ್ ಬೇಕು, ಅದರದ್ದೇ ಬ್ಯಾಟರಿ ಬೇಕು. ಆದರೆ ಎಂಟು ಸೆಲ್‌ಗಳಲ್ಲಿ ಒಂದು ಸೋತರೂ ಇಡೀ ಸಾಲು ಸೋಲುತ್ತದೆ. ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಚಾರ್ಜ್ ಮಾಡುವ ಚಾರ್ಜರ್, ಒಂದೇ ದಿನ ಕೊಂಡ ಸೆಲ್‌ಗಳಿಗೆ ಗುರುತು ಹಾಕಿ ಒಟ್ಟಿಗೇ ಬಳಸುವ ಶಿಸ್ತು, ಎರಡೂ ಇದ್ದವರಿಗೆ ಮಾತ್ರ ಇದು ಒಗ್ಗುತ್ತದೆ. ಹೊಸ ಫ್ಲ್ಯಾಶನ್ನೇ ಕೊಳ್ಳುವವರಿದ್ದರೆ ನಮ್ಮ ಸಲಹೆ ಬೇರೆ: ಒಳಗೇ ಲಿಥಿಯಂ ಬ್ಯಾಟರಿ ಇರುವುದನ್ನು ನೋಡಿ. ಗೊಡಾಕ್ಸ್‌ನದ್ದೇ ವಿ860 3ರಲ್ಲಿ 7.2 ವೋಲ್ಟ್, 2600 ಎಂಎಎಚ್ ಬ್ಯಾಟರಿಯಿದ್ದು, 1.5 ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ, 480 ಫುಲ್ ಪವರ್ ಫ್ಲ್ಯಾಶ್ ಕೊಡುತ್ತದೆ ಎಂದು ಕಂಪನಿ ಹೇಳುತ್ತದೆ. ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಂಡರೆ ಸೊಂಟಕ್ಕೆ ಪೆಟ್ಟಿಗೆಯೂ ಬೇಡ, ಕೇಬಲ್ ಕಾಟವೂ ಇಲ್ಲ. ಪಿಬಿ960 ಹೊಂದುವುದು ಈಗಾಗಲೇ 580ಇಎಕ್ಸ್ 2 ಅಥವಾ ಎಸ್‌ಬಿ-910 ಇಟ್ಟುಕೊಂಡು, ಅದನ್ನು ಇನ್ನಷ್ಟು ವರ್ಷ ದುಡಿಸಬೇಕೆಂದಿರುವವರಿಗೆ.

ಹೊರಗಿನ ಬ್ಯಾಟರಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಸೆಲ್ ಜಾಗದಲ್ಲಿ ಮರದ ಡಮ್ಮಿ ಸೆಲ್ ಇಟ್ಟು, ತಂತಿ ಹೊರಗೆಳೆದು, ದೊಡ್ಡ ಬ್ಯಾಟರಿ ಕೊಡುವ ಹಳೆಯ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ. ಪೆನ್ಸಿಲ್ ಸೆಲ್ ತನ್ನ ಒಳ ಪ್ರತಿರೋಧದಿಂದ ಕರೆಂಟನ್ನು ತಾನೇ ಮಿತಿಯಲ್ಲಿಡುತ್ತದೆ. ಫ್ಲ್ಯಾಶ್‌ನ ಸರ್ಕ್ಯೂಟ್ ಅದನ್ನು ನೆಚ್ಚಿಕೊಂಡೇ ರೂಪುಗೊಂಡಿದೆ. 6 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಆ ತಡೆ ಬಹಳ ಕಡಿಮೆ. ಎರಡು ಲಿಥಿಯಂ ಸೆಲ್ ಸೇರಿಸಿದರೆ ಪೂರ್ತಿ ಚಾರ್ಜಿನಲ್ಲಿ 8.4 ವೋಲ್ಟ್. ಮೊದಲು ಹೋಗುವುದು ವೋಲ್ಟೇಜ್ ಏರಿಸುವ ಟ್ರಾನ್ಸಿಸ್ಟರ್. ಮೊಬೈಲಿನ ಪವರ್ ಬ್ಯಾಂಕ್ ಕೊಡುವ 5 ವೋಲ್ಟನ್ನು ಮೂರು ಪಿನ್ ಸಾಕೆಟ್‌ಗೆ ಕೊಡುವ ಪ್ರಯತ್ನವಂತೂ ವ್ಯರ್ಥ, ಅಲ್ಲಿ ಬೇಕಾದ್ದು 300ಕ್ಕೂ ಹೆಚ್ಚು.

ಬಳಸದೆ ಇಡುವಾಗ ಬ್ಯಾಟರಿಯನ್ನು ಪೆಟ್ಟಿಗೆಯಿಂದ ಬಿಚ್ಚಿ, ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಿ. ಆಷಾಢದಲ್ಲಿ ಮದುವೆ ಇಲ್ಲವೆಂದು ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಶ್ರಾವಣಕ್ಕೆ ಚಾರ್ಜರ್ ಅದನ್ನು ಒಪ್ಪದೇ ಇರಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಉಬ್ಬಿದ್ದು ಕಂಡರೆ ಮತ್ತೆ ಚಾರ್ಜ್‌ಗೆ ಹಾಕಬೇಡಿ. ವಿಮಾನದಲ್ಲಿ ಹೋಗುವಾಗ 100 ವ್ಯಾಟ್-ಅವರ್ ಒಳಗಿನ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು, ಇದು 50ರದ್ದು. ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಅದರ ಲೋಹದ ಸಂಪರ್ಕಗಳ ಮೇಲೆ ಟೇಪ್ ಅಂಟಿಸಿಕೊಂಡು ಹೋಗಿ.